ಮೊಮ್ಮಗಳಿಗಾಗಿ ಯಾವ ಬಾಗಿಲು ತಟ್ಟಬೇಕು: ಮಕ್ಕಳ ಕಲ್ಯಾಣ ಸಮಿತಿಯೋ, ಕೌಟುಂಬಿಕ ನ್ಯಾಯಾಲಯವೋ?

ಮಂಗಳೂರಿನ ನಮ್ಮ ಚಿಕ್ಕಮ್ಮ ಕೇಳಿದ ಪ್ರಶ್ನೆ ಇದು. ಮಗಳು ತೀರಿಕೊಂಡಿದ್ದಾಳೆ, ಅಳಿಯ ಕುಡಿದು ಬಂದು ಹತ್ತು ವರ್ಷದ ಹುಡುಗಿಗೆ ಹೊಡೆಯುತ್ತಾನೆ. ಮೊನ್ನೆ ಆ ಮಗು ಶಾಲೆಯ ಚೀಲವನ್ನು ಮಡಿಲಲ್ಲಿ ಅವುಚಿಕೊಂಡೇ ಊಟ ಮಾಡಿತು. ಕೆಳಗಿಡು ಎಂದರೂ ಬಿಡಲಿಲ್ಲ.

ಹೊಡೆತ ಇಂದೇ ನಿಲ್ಲಬೇಕಾದರೆ, ರಕ್ಷಣೆ ಬೇಕಾದ ಮಕ್ಕಳ ವಿಷಯ ನೋಡುವ ಮಕ್ಕಳ ಕಲ್ಯಾಣ ಸಮಿತಿಯೇ ಸರಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೂ ಸಾಕು. ರಕ್ಷಣೆಗೆ ಪಡೆದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅಲ್ಲಿ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುತ್ತಾರೆ. ಮನೆಯ ಸ್ಥಿತಿ ವಿಚಾರಿಸಿ, ಮಗುವನ್ನು ತಕ್ಕ ಸಂಬಂಧಿಕರಿಗೆ ಒಪ್ಪಿಸಲೂ ಅವರಿಗೆ ಅಧಿಕಾರವಿದೆ.

ಆದರೆ ಮುಂದೆ ತಂದೆ ಬಂದು ಹಕ್ಕು ಕೇಳಿದಾಗ, ಶಾಲೆಯಲ್ಲಿ ಪೋಷಕರ ಸಹಿ ಬೇಕಾದಾಗ ಗಟ್ಟಿಯಾಗಿ ನಿಲ್ಲುವುದು ನ್ಯಾಯಾಲಯದ ಪೋಷಕತ್ವದ ಆದೇಶ. ಇದು ನಿಧಾನದ ದಾರಿ. ಕಾಯುವ ತಾಳ್ಮೆ ಇರಬೇಕು. ಮಗುವಿಗೆ ತಿಳಿವಳಿಕೆ ಬಂದಿದ್ದರೆ ಅದರ ಇಷ್ಟವನ್ನೂ ಪರಿಗಣಿಸಬಹುದು. ನನಗೆ ಬಹಳ ಮುಖ್ಯವೆನಿಸುವುದು ಇದೇ.

ಖರ್ಚಿನ ಚಿಂತೆ ಬೇಡ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಹುಡುಗಿಯ ಅಣ್ಣ ಮೊಬೈಲ್ ಕದ್ದ ವಿಷಯ ಬೇರೆ. ಅದು ಕಾನೂನು ಮುರಿದ ಆರೋಪವಿರುವ, 18 ತುಂಬದ ಮಕ್ಕಳನ್ನು ವಿಚಾರಿಸುವ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ, ಅಲ್ಲಿ ಆಪ್ತಸಮಾಲೋಚನೆಗೂ ತಿದ್ದಿಕೊಳ್ಳುವುದಕ್ಕೂ ಅವಕಾಶವಿದೆ.

ಚಿಕ್ಕಮ್ಮನಿಗೆ ಹೇಳಿದ್ದೇನೆ: ನಾಳೆ ಬೆಳಿಗ್ಗೆ ಸಮಿತಿಗೆ ಹೋಗಿ, ಮಗು ಸುರಕ್ಷಿತವಾದ ಮೇಲೆ ನ್ಯಾಯಾಲಯದ ಅರ್ಜಿ ಬರೆಸೋಣ.