ಸಾನ್ ಜಿಮಿನ್ಯಾನೊನಾ, ವೋಲ್ತೆರಾನಾ?

ಇಟಲಿಯ ಫ್ಲಾರೆನ್ಸ್ ನೋಡಿ ಒಂದು ದಿನ ಮಿಕ್ಕಿದೆ, ಗುಡ್ಡದ ಮೇಲಿನ ಹಳೇ ಊರು ನೋಡಬೇಕು. ಎಲ್ಲಿಗೆ ಹೋಗೋದು?

ಸಾನ್ ಜಿಮಿನ್ಯಾನೊ ದೂರದಿಂದಲೇ ಮರುಳು ಮಾಡುತ್ತದೆ. ಮಧ್ಯಯುಗದಲ್ಲಿ ಇಲ್ಲಿನ ಸಿರಿವಂತ ಮನೆತನಗಳು ಪೈಪೋಟಿಗೆ ಬಿದ್ದು 72 ಗೋಪುರ ಕಟ್ಟಿದ್ದವಂತೆ. ಈಗ ಉಳಿದಿರುವುದು ಹದಿನಾಲ್ಕರಷ್ಟು. 1990ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಹೋಗೋದೂ ಸುಲಭ: ಪೊಜ್ಜಿಬೊನ್ಸಿವರೆಗೆ ರೈಲು, ಅಲ್ಲಿಂದ ಬಸ್ಸು. ಆದರೆ ಮಧ್ಯಾಹ್ನ ಜಾತ್ರೆ! ಸಂಜೆ ಟೂರಿಸ್ಟ್ ಬಸ್ಸುಗಳು ಹೊರಟ ಮೇಲೆ ನಡು ಚೌಕದ ಬಾವಿಕಟ್ಟೆ ಹತ್ತಿರ ಸುಮ್ನೆ ನಿಂತು ನೋಡಿ. ಹಗ್ಗ ಎಳೆದೂ ಎಳೆದೂ ಕಲ್ಲಿನಲ್ಲಿ ಗೀರು ಬಿದ್ದಿದೆ.

ವೋಲ್ತೆರಾ ಇನ್ನೂ ಎತ್ತರ, ಸುಮಾರು 530 ಮೀಟರ್. ಗಾಳಿ ಜೋರು, ಜನ ಕಮ್ಮಿ. ಬಸ್ಸು ಬದಲಿಸಬೇಕು, ಅದೊಂದು ತಲೆನೋವು. ಆದರೆ ಇಲ್ಲಿ ಮಧ್ಯಯುಗದ ಕೆಳಗೆ ರೋಮನ್ ರಂಗಮಂದಿರ, ಅದಕ್ಕೂ ಹಿಂದಿನ ಎಟ್ರಸ್ಕನ್ (ರೋಮನ್ನರಿಗಿಂತ ಮೊದಲು ಇಲ್ಲಿದ್ದ ಜನ) ಊರಬಾಗಿಲು ಇವೆ. ಆ ಬಾಗಿಲಿನ ಮೇಲೆ ಮೂರು ಕಲ್ಲಿನ ತಲೆಗಳು, ಸವೆದೂ ಸವೆದೂ ಮುಖವೇ ಇಲ್ಲ. 1944ರಲ್ಲಿ ಜರ್ಮನ್ ಸೈನ್ಯ ಅದನ್ನು ಸ್ಫೋಟಿಸಲು ಹೊರಟಾಗ, ಊರವರು ಬೀದಿಯ ಹಾಸುಗಲ್ಲು ಕಿತ್ತು ತಂದು ಒಂದೇ ದಿನದಲ್ಲಿ ಬಾಗಿಲಿನ ದಾರಿಗೆ ಕಲ್ಲು ತುಂಬಿ ಮುಚ್ಚಿ ಅದನ್ನು ಉಳಿಸಿಕೊಂಡರು. ಅಲಬಾಸ್ಟರ್ ಎಂಬ ಮೆದು ಕಲ್ಲು ಕೆತ್ತುವ ಅಂಗಡಿಗಳನ್ನೂ ಬಿಡಬೇಡಿ.

ಮಕ್ಕಳಿದ್ದರೆ, ಅರ್ಧ ದಿನವೇ ಇದ್ದರೆ ಸಾನ್ ಜಿಮಿನ್ಯಾನೊ. ನನ್ನನ್ನು ಕೇಳಿದರೆ ವೋಲ್ತೆರಾ, ಅದೂ ಒಂದು ರಾತ್ರಿ ತಂಗುವ ಹಾಗೆ.