ಬಾನೆಟ್ ನೋಡಿ ಲಾರಿ ಕೊಳ್ಳಬೇಡಿ

ಹಳೆಯ ಟಾಟಾ 1210 ಎಸ್‌ಇ ಲಾರಿ ಕೊಳ್ಳಲು ಹೊರಟವರು ಯಾರಾದರೂ ಇದ್ದರೆ, ಮುಂಗಡ ಕೊಡುವ ಮೊದಲು ಇದನ್ನು ಓದಿ. ನಾನು ಎರಡು ಲಕ್ಷದ ಹತ್ತು ಸಾವಿರ ರೂಪಾಯಿ ಕೊಟ್ಟು ಒಂದು ಲಾರಿ ತಂದೆ. ತಂದದ್ದು ಮೂರು ಲಾರಿ ಎಂದು ಆಮೇಲೆ ತಿಳಿಯಿತು: ಮುಂದಿನ ಅರ್ಧ ಒಂದರದು, ಹಿಂದಿನ ಅರ್ಧ ಇನ್ನೊಂದರದು, ಕಾಗದಪತ್ರ ಮೂರನೆಯದರದು.

ಮೊದಲು ನನ್ನ ಹುಚ್ಚನ್ನು ಒಪ್ಪಿಕೊಂಡುಬಿಡುತ್ತೇನೆ. ಅಪ್ಪ ಯಲ್ಲಾಪುರದಲ್ಲಿ ಮರದ ಲಾರಿಯ ಕ್ಲೀನರ್ ಆಗಿದ್ದವರು. ಟಾಟಾ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಕೈಜೋಡಿಸಿ ಲಾರಿ ಮಾಡತೊಡಗಿತ್ತು. ಆ ಒಪ್ಪಂದ 1969ಕ್ಕೇ ಮುಗಿದರೂ ಅಪ್ಪನ ಬಾಯಲ್ಲಿ ಮೂತಿ ಇರುವ ಲಾರಿಯೆಲ್ಲ ಕೊನೆಯವರೆಗೂ 'ಬೆಂಜ್ ಲಾರಿ'ಯೇ. ಹಾಗಾಗಿ ದಲ್ಲಾಳಿಯ ಅಂಗಳದಲ್ಲಿ ಹಸಿರು ಬಾನೆಟ್ಟಿನ 1992ರ ಮಾಡೆಲ್ ನಿಂತಿದ್ದನ್ನು ಕಂಡಾಗ ನಾನು ಲಾರಿ ನೋಡಲಿಲ್ಲ, ಅಪ್ಪನನ್ನು ನೋಡಿದೆ. ದಲ್ಲಾಳಿಗೆ ಅದು ಒಂದು ನಿಮಿಷದಲ್ಲಿ ಅರ್ಥವಾಗಿರಬೇಕು.

ಈ ಲಾರಿಗಳು ಇಂದಿಗೂ ದುಡಿಯುತ್ತಿರುವುದಕ್ಕೆ ಕಾರಣವಿದೆ, ಅದನ್ನು ಅಲ್ಲಗಳೆಯುವುದಿಲ್ಲ. 2020ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವ ಬಿಎಸ್-6 (ಹೊಗೆಗೆ ಮಿತಿ ಹಾಕುವ ಮಾನದಂಡ) ಲಾರಿಗಳಲ್ಲಿ ಮೈತುಂಬ ಸೆನ್ಸರ್. ಬಹುತೇಕ ಎಲ್ಲಕ್ಕೂ ಡೀಸೆಲ್ ಜೊತೆಗೆ ಯೂರಿಯಾ ದ್ರಾವಣವನ್ನೂ ತುಂಬಬೇಕು. ಹಳೆಯ 1210ಕ್ಕೆ ಸ್ಪ್ಯಾನರ್ ಹಿಡಿಯಲು ಬರುವ ಮೇಸ್ತ್ರಿ ಸಾಕು. ಕಲ್ಲಿನ ಕ್ವಾರಿ, ಸಾ ಮಿಲ್, ಊರೊಳಗಿನ ಮಣ್ಣು ಸಾಗಣೆಗೆ ಅದರಷ್ಟು ಅಗ್ಗದ ಆಳು ಇನ್ನೊಬ್ಬನಿಲ್ಲ. ಆದರೆ ಅದರ ಹೆಸರಿನಲ್ಲಿರುವ 12 ಎಂಬುದು ಲಾರಿಯ ತೂಕವೂ ಸೇರಿ ಒಟ್ಟು 12 ಟನ್, 10 ಎಂಬುದು ಸುಮಾರು ನೂರು ಕುದುರೆಶಕ್ತಿ. ಮೂವತ್ತು ವರ್ಷ ಇದನ್ನು ಓಡಿಸಿದವರಲ್ಲಿ ಆ 12ನ್ನು ಲೆಕ್ಕಕ್ಕೆ ಇಟ್ಟುಕೊಂಡವರು ಎಷ್ಟು ಜನ ಎಂದು ನಾನು ಯೋಚಿಸಬೇಕಿತ್ತು.

ನಾನು ಹೋಗುವಷ್ಟರಲ್ಲಿ ಇಂಜಿನ್ ಬೆಚ್ಚಗಿತ್ತು. "ಈಗಷ್ಟೇ ಒಂದು ಸುತ್ತು ಹೋಗಿ ಬಂದೆ ಸಾರ್" ಎಂದ ದಲ್ಲಾಳಿ. ತಣ್ಣಗಿರುವಾಗ ಅದನ್ನು ಸ್ಟಾರ್ಟ್ ಮಾಡಲು ಎಷ್ಟು ಒದ್ದಾಡಬೇಕು, ಎಷ್ಟು ಹೊಗೆ ಉಗುಳುತ್ತದೆ ಎಂಬುದು ಮರುದಿನ ಬೆಳಿಗ್ಗೆ ನಮ್ಮ ಮನೆಯ ಅಂಗಳದಲ್ಲಿ ಕಂಡಿತು. ಟೈರ್ ಆರಕ್ಕೆ ಆರೂ ರಿಸೋಲ್, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು. ಇವೆಲ್ಲ ಸಣ್ಣ ಮೋಸಗಳು, ಹೋಗಲಿ.

ಮೂರನೆಯ ಟ್ರಿಪ್ಪಿನಲ್ಲಿ ಯಲ್ಲಾಪುರದಿಂದ ಜಲ್ಲಿ ತುಂಬಿಕೊಂಡು ಅಂಕೋಲಾ ಕಡೆಗೆ ಅರಬೈಲ್ ಘಟ್ಟ ಇಳಿಯುತ್ತಿದ್ದೆವು. ನಮ್ಮ ಡ್ರೈವರ್ ಹಳಬರು. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬುದನ್ನು ವ್ರತದಂತೆ ಪಾಲಿಸುವವರು. ನಾವು ಬದುಕಿದ್ದು ಅದರಿಂದಲೇ. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ ಕ್ಯಾಬಿನ್ನಿನೊಳಗೆ ಬಂತು. ಅವರು ಬ್ರೇಕ್ ಒತ್ತಿದರು, ಲಾರಿ ಕೇಳಲಿಲ್ಲ. ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಏರ್ ಮೀಟರಿನ ಮುಳ್ಳು ಮಾತ್ರ ಅಲುಗಾಡದೆ ನಿಂತಿತ್ತು. ಕೊಂಡ ದಿನದಿಂದಲೂ ಅದು ಕೆಟ್ಟು ಅಲ್ಲೇ ನಿಂತಿತ್ತು. ಗಾಳಿ ಚೆನ್ನಾಗಿ ನಿಂತಿದೆ ಎಂದು ನಾನು ಖುಷಿಪಟ್ಟಿದ್ದೆ! "ಗಟ್ಟಿಯಾಗಿ ಹಿಡಿದುಕೋ ತಮ್ಮ" ಎಂದವರೇ ಡಬಲ್ ಕ್ಲಚ್ ಹೊಡೆದು ಇನ್ನೂ ಒಂದು ಗೇರ್ ಇಳಿಸಿದರು. ಇಂಜಿನ್ ಕಿರುಚಿಕೊಂಡಿತು. ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ, ಮಣ್ಣಿನ ದರೆಗೆ ಮೈ ಉಜ್ಜಿಸುತ್ತ ನಿಲ್ಲಿಸಿದರು. ಎದುರಿನಿಂದ ಬಂದ ಬಸ್ಸು ಹಾರ್ನ್ ಹೊಡೆದು ದಾಟಿಹೋಯಿತು. ಅದರ ಕಿಟಕಿಯಲ್ಲಿ ಮಕ್ಕಳಿದ್ದರು.

ಚಕ್ರ ಬಿಚ್ಚಿದಾಗ ಲೈನರ್ ರಿವೆಟ್ಟಿನವರೆಗೂ ಸವೆದಿತ್ತು. ಹಿಂದಿನ ಎಡ ಡ್ರಮ್ಮಿನಲ್ಲಿ ಹಬ್ ಸೀಲ್ ಸೋರಿ ಲೈನರ್ ಆಯಿಲ್ ಕುಡಿದು ಕೂತಿತ್ತು. ಇಷ್ಟಕ್ಕೇ ಮುಗಿದಿದ್ದರೆ ದುಡ್ಡು ಖರ್ಚು ಮಾಡಿ ಸುಮ್ಮನಾಗುತ್ತಿದ್ದೆ. ಆದರೆ ಮೇಸ್ತ್ರಿ ಅಭ್ಯಾಸಬಲದಿಂದ ಸುತ್ತಿಗೆಯಲ್ಲಿ ಚಾಸಿಗೆ, ಅಂದರೆ ಲಾರಿಯ ಭಾರ ಹೊರುವ ಉಕ್ಕಿನ ಚೌಕಟ್ಟಿಗೆ, ತಟ್ಟುತ್ತ ಹೋದರು. ಟಣ್, ಟಣ್, ಟಣ್; ಕ್ಯಾಬಿನ್ನಿನ ಹಿಂದೆ ಬಂದಾಗ ಟಪ್. ಪೇಂಟ್ ಕೆರೆದರೆ ಪುಟ್ಟಿ, ಪುಟ್ಟಿ ಕೆರೆದರೆ ತಗಡಿನ ತೇಪೆ, ತೇಪೆಯ ಅಡಿಯಲ್ಲಿ ಅಡ್ಡಕ್ಕೆ ನೇರವಾಗಿ ಎಳೆದ ವೆಲ್ಡಿಂಗ್. ಎರಡು ಲಾರಿಗಳ ಚಾಸಿಯನ್ನು ಕತ್ತರಿಸಿ ಸೇರಿಸಿದ್ದರು. ವೆಲ್ಡಿಂಗಿನ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು ಶುರುವಾಗಿತ್ತು. ಮೇಸ್ತ್ರಿ ವಿವರಿಸಿದರು: ಚಾಸಿ ಲೋಡಿಗೆ ಬಾಗಿ ಮತ್ತೆ ನೇರವಾಗುವ ಉಕ್ಕು, ಅದರ ಮೇಲಂಚು ಮತ್ತು ಕೆಳಅಂಚುಗಳೇ ಹೆಚ್ಚಿನ ಒತ್ತಡ ಹೊರುವುದು, ಅಲ್ಲಿ ಅಡ್ಡ ವೆಲ್ಡಿಂಗ್ ಮಾಡಿದರೆ ಕಾದ ಜಾಗದ ಗುಣ ಕೆಡುತ್ತದೆ, ಬಾಗುವ ಬದಲು ಸೀಳುತ್ತದೆ. ಸೇರಿಸಲು ಬೇರೆ ಕ್ರಮವಿದೆಯಂತೆ. ಇದು ಆ ಕ್ರಮವಲ್ಲ, ಮುಚ್ಚಿಹಾಕುವ ಕೆಲಸ.

ಚಾಸಿ ನಂಬರ್ ಹೊಡೆದಿರುವ ಜಾಗದ ಪೇಂಟನ್ನೂ ಕೆರೆದೆವು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಾಗ ಅಂಕಿಗಳು ಕುಡಿದವರ ಸಾಲಿನಂತೆ ಮೇಲೆ ಕೆಳಗೆ ನಿಂತಿದ್ದವು, ಅವುಗಳ ಕೆಳಗೆ ಗ್ರೈಂಡರಿನ ಗೀರು. ಹಳೆಯ ನಂಬರ್ ಉಜ್ಜಿ ಅಳಿಸಿ, ಕಾಗದಪತ್ರದಲ್ಲಿದ್ದ ಮೂರನೆಯ ಲಾರಿಯ ನಂಬರ್ ಹೊಡೆದಿದ್ದರು.

ಆ ರಾತ್ರಿಯೇ ವಾಹನಗಳ ಸರ್ಕಾರಿ ದಾಖಲೆ ಸಿಗುವ ಪರಿವಾಹನ್ ಜಾಲತಾಣದಲ್ಲಿ ಲಾರಿಯ ನಂಬರ್ ಹಾಕಿ ನೋಡಿದೆ. ಮೊದಲೇ ನೋಡಬೇಕಿತ್ತು, ನಾಚಿಕೆಯಾಗುತ್ತದೆ. ದಲ್ಲಾಳಿ ಕೊಟ್ಟ ಎಫ್‌ಸಿ (ಗಾಡಿ ರಸ್ತೆಗಿಳಿಯಲು ಯೋಗ್ಯ ಎಂಬ ಪ್ರಮಾಣಪತ್ರ) ಜೆರಾಕ್ಸಿನಲ್ಲಿ ಇನ್ನೂ ಏಳು ತಿಂಗಳು ಬಾಕಿ. ದಾಖಲೆಯಲ್ಲಿ ಎಫ್‌ಸಿ ಮುಗಿದು ಹದಿನಾಲ್ಕು ತಿಂಗಳು. ಫೈನಾನ್ಸ್ ಸಾಲದ ನಮೂದು ಹಾಗೆಯೇ ಇತ್ತು. ತ್ರೈಮಾಸಿಕ ತೆರಿಗೆಯೂ ಬಾಕಿ, ಅದು ವಾಹನವನ್ನು ಇಟ್ಟುಕೊಂಡವನ ತಲೆಗೂ ಬರುತ್ತದೆ. ಎಫ್‌ಸಿ ತಡವಾದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕವೆಂದು ಕೇಂದ್ರದ ನಿಯಮ ಹೇಳುತ್ತದೆ; ಹದಿನಾಲ್ಕು ತಿಂಗಳಿಗೆ ಅದೇ ಇಪ್ಪತ್ತೊಂದು ಸಾವಿರ. ಅದರ ಮೇಲೆ, 15 ವರ್ಷ ದಾಟಿದ ಭಾರೀ ವಾಹನಕ್ಕೆ 2022ರ ಏಪ್ರಿಲ್‌ನಿಂದ ಎಫ್‌ಸಿ ನವೀಕರಣದ ಶುಲ್ಕವೇ 12,500 ಆಗಿತ್ತು. ಆಮೇಲೂ ದರ ಬದಲಾಗಿದೆ, ಕೊಳ್ಳುವ ದಿನ ಆರ್‌ಟಿಒ ಕಚೇರಿಯಲ್ಲೇ ಕೇಳಿಕೊಳ್ಳಿ.

"ದೆಹಲಿಯಂತೆ ಇಲ್ಲಿ ಹಳೆಯ ಡೀಸೆಲ್ ಗಾಡಿಗೆ ನಿಷೇಧವಿಲ್ಲ, ಎಫ್‌ಸಿ ಆದರೆ ಓಡಿಸಬಹುದು" ಎಂದಿದ್ದ ದಲ್ಲಾಳಿ. ಅದು ನಿಜವೇ. ಆ 'ಆದರೆ'ಯ ಮೇಲೆ ಅವನು ಒತ್ತು ಕೊಟ್ಟಿರಲಿಲ್ಲ. ಎಫ್‌ಸಿ ಇಲ್ಲದೆ, ಇನ್ನೂ ಹಳೆಯ ಮಾಲೀಕನ ಹೆಸರಿನಲ್ಲಿದ್ದ ಲಾರಿಯಲ್ಲಿ ನಾವು ಆ ಬಸ್ಸಿಗೆ ಗುದ್ದಿದ್ದರೆ? ಮಾರುವವರೂ ಇದನ್ನು ಗಮನಿಸಿ: ಹೆಸರು ಬದಲಾಗುವವರೆಗೆ ಅಪಘಾತದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ದಲ್ಲಾಳಿಯ ಫೋನ್ ಎರಡು ದಿನ ರಿಂಗ್ ಆಯಿತು, ಮೂರನೆಯ ದಿನ ಅದೂ ಇಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಲಾರಿಯನ್ನು ಓಡಿಸುವಂತಿಲ್ಲ, ಮಾರುವಂತಿಲ್ಲ, ಗುಜರಿಗೂ ಹಾಕುವಂತಿಲ್ಲ.

ಕಳೆದ ವಾರ ಚಿಕ್ಕಪ್ಪನ ಮಗ ಇನ್ನೊಂದು 1210 ನೋಡಲು ನನ್ನನ್ನು ಕರೆದುಕೊಂಡು ಹೋದ. ಬೆಳಗಿನ ಆರು ಗಂಟೆಗೆ, ಹೇಳದೆ ಕೇಳದೆ. ಇಂಜಿನ್ ತಣ್ಣಗಿತ್ತು, ಒಂದೇ ಸಲದ ಸೆಲ್ಫ್ ಸ್ಟಾರ್ಟಿಗೆ ಎದ್ದಿತು. ಏರ್ ಮೀಟರಿನ ಮುಳ್ಳು ಏರಿತು, ಬ್ರೇಕ್ ಒತ್ತಿದಂತೆಲ್ಲ ಇಳಿಯಿತು. ನನಗೂ ಆಸೆ ಹುಟ್ಟಿತು ಎನ್ನಿ. ಆಮೇಲೆ ಚೀಲದಿಂದ ತಂತಿ ಬ್ರಷ್, ಸುತ್ತಿಗೆ, ಪೆನ್ಸಿಲ್ ತೆಗೆದೆ.

"ಬ್ರಷ್ ಹಾಕಬೇಡಿ ಸಾರ್, ಹೊಸ ಪೇಂಟ್ ಹಾಳಾಗುತ್ತದೆ" ಎಂದ ಮಾಲೀಕ.

ನಾವು ಚಹಾ ಕೂಡ ಕುಡಿಯದೆ ವಾಪಸ್ ಬಂದೆವು.