ಮೈಸೂರಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು, ಸಂಪಾಜೆ ಘಾಟಿಯಲ್ಲಿ ಕೆಟ್ಟು ನಿಂತಿತು

ಮೊದಲೇ ಹೇಳಿಬಿಡುತ್ತೇನೆ. ಕಾರು ಮಾರಿದ ಮೈಸೂರಿನ ಅಂಗಡಿಗೆ ನಾನು ಕೊಡುವುದು 5ಕ್ಕೆ 2 ಅಂಕ. ಆ ಎರಡೂ ಕಾಗದಪತ್ರದ ಕೆಲಸಕ್ಕೆ. ಆರ್‌ಸಿ ಮೂರೇ ವಾರದಲ್ಲಿ ನನ್ನ ಹೆಸರಿಗೆ ಬಂತು, ಇನ್ಶೂರೆನ್ಸ್ ಕೂಡ ಅವರೇ ಬದಲಾಯಿಸಿ ಕೊಟ್ಟರು. ಕೊನೆಗೆ ಹಣದ ವಿಷಯ ಬಗೆಹರಿದಿದ್ದರಿಂದ ಅಂಗಡಿಯ ಹೆಸರು ಬರೆಯುತ್ತಿಲ್ಲ.

ನಾನು ಮಡಿಕೇರಿಯವಳು. ಅಪ್ಪನನ್ನು ತಿಂಗಳಿಗೆ ಎರಡು ಸಲ ಸುಳ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮಳೆಗಾಲದಲ್ಲಿ ಅವರನ್ನು ಬಸ್ಸಿಗೆ ಕಾಯಿಸುವುದು ಬೇಡ ಅಂತ ಮೇ ತಿಂಗಳಲ್ಲಿ ಮೈಸೂರಿಗೆ ಹೋಗಿ 9 ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು ತಂದೆ. 2,85,000 ರೂಪಾಯಿ. ಎರಡನೇ ಓನರ್, 64,000 ಕಿಲೋಮೀಟರ್ ಓಡಿದ ಗಾಡಿ. ರಿಂಗ್ ರೋಡಲ್ಲಿ ಹತ್ತು ನಿಮಿಷ ಓಡಿಸಿ ನೋಡಿದೆ, ಚೆನ್ನಾಗಿಯೇ ಹೋಯಿತು. ಆದರೆ ರಿಂಗ್ ರೋಡು ಸಪಾಟು. ನಾವು ಓಡಿಸುವುದು ಘಾಟಿಯಲ್ಲಿ, ಅಲ್ವಾ?

ಹನ್ನೊಂದನೇ ದಿನ ಸುಳ್ಯದಿಂದ ವಾಪಸ್ ಬರುತ್ತಿದ್ದೆವು. ಕೊಯನಾಡು ದಾಟಿದ ಮೇಲೆ ಟೆಂಪರೇಚರ್ ಸೂಜಿ ಮೇಲೆ ಹೋಗಲು ಶುರುವಾಯಿತು. ಜೋಡುಪಾಲದ ಹತ್ತಿರ ಬರುವಾಗ ಕೆಂಪು ಗೆರೆ ಮುಟ್ಟಿತ್ತು. ಬಾನೆಟ್ ಸಂದಿಯಿಂದ ಹಬೆ. ಹೊರಗೆ ಜೋರು ಮಳೆ, ಹಿಂದಿನ ಸೀಟಲ್ಲಿ ಅಪ್ಪ. ಎರಡು ಗಂಟೆ ಅಲ್ಲೇ ಕೂತೆವು. ಕೊನೆಗೆ ಕಾರನ್ನು ಟೋ ಮಾಡಿಸಿ ಮಡಿಕೇರಿಗೆ ತಂದೆವು.

ಮಾರನೇ ದಿನ ಬೆಳಿಗ್ಗೆ, ಇಂಜಿನ್ ತಣ್ಣಗಾದ ಮೇಲೆ, ನಮ್ಮ ಮೆಕ್ಯಾನಿಕ್ ಅಣ್ಣ ಆಯಿಲ್ ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟರು. ಮುಚ್ಚಳದ ಒಳಗೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಲೋಳೆ. "ಆಯಿಲ್‌ಗೆ ನೀರು ಸೇರಿದೆ ಮೇಡಂ, ಹೆಡ್ ಗ್ಯಾಸ್ಕೆಟ್ ಹೋಗಿದೆ" ಅಂದರು. ಇಂಜಿನ್ನಿನ ಮೇಲ್ಭಾಗಕ್ಕೂ (ಹೆಡ್) ಕೆಳಭಾಗಕ್ಕೂ ನಡುವೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹಾಳೆ ಅದು. ಆಮೇಲೆ ರೇಡಿಯೇಟರ್ ಬಾಯಿಗೆ ಬೆರಳು ಹಾಕಿ ಒರೆಸಿ ತೋರಿಸಿದರು. ಬೆರಳ ತುದಿಯಲ್ಲಿ ಕಂದು ಕೆಸರು, ಅದರ ನಡುವೆ ಮಿಣಮಿಣ ಹೊಳೆಯುವ ಪುಡಿ. ಲೀಕ್ ನಿಲ್ಲಿಸಲು ಹಾಕುವ ಔಷಧಿಯಂತೆ ಅದು. ಹನ್ನೊಂದು ದಿನದಲ್ಲಿ ನಾನಂತೂ ಹಾಕಿಲ್ಲ. ಅಂದರೆ ತೊಂದರೆ ಮೊದಲೇ ಇತ್ತು.

ಅಂಗಡಿಗೆ ಫೋನ್ ಮಾಡಿದೆ. "ಕೀ ಕೊಟ್ಟ ಮೇಲೆ ನಮ್ಮ ಜವಾಬ್ದಾರಿ ಮುಗೀತು ಮೇಡಂ. ಬಿಲ್ ನೋಡಿ, ಇದ್ದ ಸ್ಥಿತಿಯಲ್ಲೇ ಮಾರಿದ್ದೇವೆ ಅಂತ ಬರೆದಿದೆ" ಅಂದರು. ಬರೆದಿತ್ತು, ನಿಜ. ಆದರೆ ಅದೇ ಅಂಗಡಿಯವರು ಕೊಳ್ಳುವ ಮೊದಲು ನನಗೆ ವಾಟ್ಸಾಪ್ ಮಾಡಿದ್ದರು: "ಇಂಜಿನ್ ಪಕ್ಕಾ, ಒಂದು ರೂಪಾಯಿ ಕೆಲಸ ಇಲ್ಲ." ಆ ಮೆಸೇಜ್ ನಾನು ಅಳಿಸಿರಲಿಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಪರಿಚಯದ ವಕೀಲರು ಉಳಿದದ್ದನ್ನು ಬಿಡಿಸಿ ಹೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೊಸ ಸಾಮಾನಿಗೆ ಮಾತ್ರ ಅಂತ ಎಲ್ಲೂ ಹೇಳುವುದಿಲ್ಲ. ಮಾರುವುದೇ ಕಸುಬಾಗಿರುವವರು ಗೊತ್ತಿದ್ದ ದೋಷ ಮುಚ್ಚಿಟ್ಟು ಮಾರಿದರೆ, ಬಿಲ್ಲಿನಲ್ಲಿ ಒಂದು ಸಾಲು ಬರೆದ ಮಾತ್ರಕ್ಕೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಇದೆ. ಮೈಸೂರಿಗೆ ಅಲೆಯಬೇಕಾಗಿಲ್ಲ, ನಾವಿರುವ ಊರಲ್ಲೇ ಕೊಡಬಹುದು. ನನಗೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗವೇ ಸಾಕು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ನನಗೆ ಇದು ಯಾವುದೂ ಗೊತ್ತಿರಲಿಲ್ಲ.

ಹಾಗಂತ ಎಲ್ಲದಕ್ಕೂ ಅಂಗಡಿಯವರನ್ನು ಹಿಡಿಯಲು ಬರುವುದಿಲ್ಲ. 9 ವರ್ಷದ ಗಾಡಿಯಲ್ಲಿ ಟಯರ್, ಬ್ರೇಕ್ ಪ್ಯಾಡ್, ಕ್ಲಚ್ ಸವೆದಿರುತ್ತದೆ, ಅದು ನಮ್ಮ ಖರ್ಚೇ. ಪಕ್ಕದ ಮನೆಯವರು ತಮ್ಮ ಸ್ವಂತ ಕಾರು ಮಾರಿದ್ದರೆ ಸಾಮಾನ್ಯವಾಗಿ ಈ ದಾರಿ ನಡೆಯುವುದಿಲ್ಲ ಅಂತಲೂ ವಕೀಲರು ಎಚ್ಚರಿಸಿದರು.

ರಿಪೇರಿಗೆ ಕೈ ಹಾಕುವ ಮೊದಲು ಫೋಟೋ, ವಿಡಿಯೋ ತೆಗೆದೆ. ಮೆಕ್ಯಾನಿಕ್ ಅಣ್ಣನಿಂದ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡೆ. 15 ದಿನದ ಗಡುವು ಕೊಟ್ಟು ಅಂಗಡಿಗೆ ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕಳಿಸಿದೆ. ಆಮೇಲೆ ಇಂಜಿನ್ ಬಿಚ್ಚಿಸಿದೆ, ಹಳೆ ಗ್ಯಾಸ್ಕೆಟ್ ಎಸೆಯದೆ ಕವರಲ್ಲಿ ಕಟ್ಟಿಟ್ಟೆ. ಹೆಡ್ ಫೇಸಿಂಗ್ (ಹೆಡ್‌ನ ತಳವನ್ನು ಉಜ್ಜಿ ಸಮ ಮಾಡುವುದು) ಸೇರಿ ಬಿಲ್ 22,400 ಆಯಿತು. ನೋಟಿಸ್ ಕಳಿಸಿದ ಹನ್ನೆರಡನೇ ದಿನ ಅಂಗಡಿಯಿಂದಲೇ ಫೋನ್. ಮೊದಲು ಅರ್ಧ ಕೊಡುತ್ತೇವೆ ಅಂದರು, ಒಪ್ಪಲಿಲ್ಲ. ಕೊನೆಗೆ 18,000 ಖಾತೆಗೆ ಹಾಕಿದರು. ಮಿಕ್ಕ 4,400ಕ್ಕಾಗಿ ಕೇಸ್ ಹಾಕಬಹುದಿತ್ತು. ಅಪ್ಪನ ಓಡಾಟದ ನಡುವೆ ನನಗೆ ಆಗಲಿಲ್ಲ.

ಆ ಹಣಕ್ಕಿಂತ ಜಾಸ್ತಿ ನನ್ನ ಮನಸ್ಸಲ್ಲಿ ಉಳಿದಿರುವುದು ಜೋಡುಪಾಲದ ಆ ಎರಡು ಗಂಟೆ. ಕಾಯಿಲೆಯ ಅಪ್ಪನನ್ನು ಕೂರಿಸಿಕೊಂಡು ಓಡಾಡಲು ಕಾರು ಬೇಕು ಅಂತ ನಾನು ಅವರಿಗೆ ಮೊದಲ ದಿನವೇ ಹೇಳಿದ್ದೆ. ಕೇಳಿಸಿಕೊಂಡೇ ಮಾರಿದರು. ಮೂರು ಅಂಕ ಕಳೆದದ್ದು ಅದಕ್ಕೆ.

ಕಳೆದ ವಾರ ಅದೇ ಘಾಟಿ ಹತ್ತಿದೆವು. ಸೂಜಿ ಅರ್ಧ ದಾಟಲಿಲ್ಲ. ಮಡಿಕೇರಿ ಮುಟ್ಟುವವರೆಗೂ ಅಪ್ಪ ಮಾತ್ರ ಅದನ್ನೇ ನೋಡುತ್ತಿದ್ದರು.